ಗ್ರೂಪಿಗೆ ಹಾಕಿದ್ದೆ, ಆದರೂ ಆರು ಮಕ್ಕಳು ಬಂದರು

ಪ್ರಶ್ನೆ: ನಾನು ಪಾವಗಡ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಒಂದರಿಂದ ಐದರವರೆಗೆ 43 ಮಕ್ಕಳು, ನಾವು ಇಬ್ಬರು. ಪೋಷಕರಿಗೆ ಅಂತ ವಾಟ್ಸಾಪ್ ಗ್ರೂಪ್ ಮಾಡಿದ್ದೇನೆ. ಹೋದ ತಿಂಗಳು ದಿಢೀರ್ ರಜೆ ಬಂತು. ಹಿಂದಿನ ರಾತ್ರಿಯೇ ಗ್ರೂಪಿಗೆ ಹಾಕಿದೆ. ಆದರೂ ಬೆಳಿಗ್ಗೆ ಆರು ಮಕ್ಕಳು ಬ್ಯಾಗ್ ಹಾಕಿಕೊಂಡು ಬಂದು ಗೇಟಿನ ಹತ್ತಿರ ನಿಂತಿದ್ದರಂತೆ. ಪೋಷಕರ ಸಭೆಗೆ ಕರೆದರೆ ಏಳೆಂಟು ಜನ ಬರುತ್ತಾರೆ. ವಿದ್ಯಾರ್ಥಿವೇತನಕ್ಕೆ ದಾಖಲೆ ಕೇಳಿದರೆ ಕೊನೇ ದಿನ ಓಡಿ ಬರುತ್ತಾರೆ. ಇಡೀ ವರ್ಷ ಶಾಲೆಯಲ್ಲಿ ಏನು ನಡೆಯುತ್ತದೆ ಅಂತ ಮನೆಯವರಿಗೆ ಮುಟ್ಟಿಸುವುದು ಹೇಗೆ?

ಉತ್ತರ: ಮೇಡಂ, ಮೊದಲು ಆ ಆರು ಮಕ್ಕಳ ಮನೆಗೆ ಹೋಗಿ. ಬೈಯಲಿಕ್ಕೆ ಬೇಡ, ಕೇಳಲಿಕ್ಕೆ ಹೋಗಿ. ‘ಆ ದಿನ ರಜೆ ಅಂತ ನಿಮಗೆ ಗೊತ್ತಾಗಲಿಲ್ವಾ?’ ಅಂತ ಕೇಳಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ಆರು ಮನೆಗಳಲ್ಲೇ ಇದೆ.

ನಾನು ಹೀಗೆ ಹೋದಾಗಲೆಲ್ಲ ಸಿಕ್ಕಿದ್ದು ಹೆಚ್ಚುಕಮ್ಮಿ ಒಂದೇ ತರದ ಕಾರಣಗಳು. ಒಂದು ಮನೆಯಲ್ಲಿ ನಾವು ಬರೆದುಕೊಂಡ ನಂಬರು ಅಪ್ಪನದು. ಅಪ್ಪ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದಾನೆ. ಮಗು ಇರುವುದು ಅಜ್ಜಿ ಹತ್ತಿರ. ಅಜ್ಜಿಗೆ ಫೋನೇ ಇಲ್ಲ. ಇನ್ನೊಂದು ಮನೆಯಲ್ಲಿ ಫೋನ್ ಇದೆ, ರೀಚಾರ್ಜ್ ಮುಗಿದು ಹತ್ತು ದಿನ ಆಗಿದೆ. ಮತ್ತೊಂದು ಕಡೆ ಫೋನೂ ಇದೆ, ನೆಟ್ಟೂ ಇದೆ, ಆದರೆ ತಾಯಿಗೆ ಓದಲು ಬರುವುದಿಲ್ಲ. ದೊಡ್ಡ ಮಗ ಸಂಜೆ ಬಂದು ಓದಿ ಹೇಳಬೇಕು. ನಿಮ್ಮ ಪಾವಗಡದ ಕಡೆ ಇನ್ನೊಂದು ವಿಷಯ ಇದೆ. ಮನೆಮಾತು ತೆಲುಗು ಇರುವವರು ಬಹಳ. ಅವರು ಕನ್ನಡ ಚೆನ್ನಾಗಿಯೇ ಮಾತಾಡುತ್ತಾರೆ, ಆದರೆ ‘ತಮ್ಮ ಗಮನಕ್ಕೆ ತರಲಾಗಿದೆ’ ಅನ್ನುವ ಕನ್ನಡ ಅವರಿಗೆ ದೂರ. ಹಾಗೆ ನೋಡಿದರೆ ಕನ್ನಡ ಮನೆಮಾತಿನವರಿಗೂ ಅದು ದೂರವೇ.

ನೀವು ಗ್ರೂಪಿಗೆ ಹಾಕಿದ ಕೂಡಲೇ ನಿಮ್ಮ ಮನಸ್ಸಿನಲ್ಲಿ ಕೆಲಸ ಮುಗಿಯಿತು. ಅಲ್ಲಿಂದ ಮಗುವನ್ನು ಎಬ್ಬಿಸಿ, ತಲೆ ಬಾಚಿ ಕಳಿಸುವ ಕೈಯವರೆಗೆ ಸುದ್ದಿ ಹೋಗಬೇಕಲ್ಲ, ಆ ದಾರಿಯನ್ನು ನಾವು ಯಾರೂ ಕೂತು ನೋಡುವುದಿಲ್ಲ. ನಾನೂ ಹಲವು ವರ್ಷ ನೋಡಿರಲಿಲ್ಲ.

ಹಾಗಾಗಿ ಒಂದು ಉದ್ದ ನೋಟ್ ಬುಕ್ ತೆಗೆದುಕೊಳ್ಳಿ. 43 ಮಕ್ಕಳೆಂದರೆ ಹೆಚ್ಚೆಂದರೆ ಮೂವತ್ತು, ಮೂವತ್ತೈದು ಮನೆ. ಒಂದು ಮನೆಗೆ ಒಂದು ಸಾಲು. ಮಗುವಿನ ಹೆಸರಿನ ಪಕ್ಕ ಅಪ್ಪನ ಹೆಸರು ಬರೆಯುವುದು ನಮಗೆ ಅಭ್ಯಾಸ. ಇಲ್ಲಿ ಅದರ ಬದಲು ‘ದಿನಾ ನೋಡಿಕೊಳ್ಳುವವರು ಯಾರು’ ಅಂತ ಬರೆಯಿರಿ. ಆಮೇಲೆ ಯಾವ ಫೋನು, ಅದು ಯಾರ ಕೈಯಲ್ಲಿ ಇರುತ್ತದೆ, ಎಷ್ಟು ಹೊತ್ತಿಗೆ ಮನೆಯಲ್ಲಿ ಇರುತ್ತದೆ. ಓದಲು ಬರುತ್ತದಾ, ಯಾವ ಭಾಷೆ ಸಲೀಸು. ಕೊನೆಗೆ, ಫೋನ್ ಸಿಗದಿದ್ದರೆ ಯಾರ ಮೂಲಕ ಹೇಳಬೇಕು. ನನ್ನ ಬುಕ್ಕಿನಲ್ಲಿ ಒಂದು ಸಾಲು ಹೀಗಿತ್ತು: ‘ಅಜ್ಜಿ. ಫೋನ್ ಇಲ್ಲ. ಬೆಳಿಗ್ಗೆ ಡೇರಿಗೆ ಬರ್ತಾರೆ. ಎದುರು ಮನೆ ಅಂಗನವಾಡಿ ಟೀಚರಿಗೆ ಹೇಳಿದರೂ ಆಗುತ್ತೆ.’ ಇಷ್ಟೇ. ಈ ಒಂದು ಸಾಲು ಬರೆಯಲು ಹತ್ತು ನಿಮಿಷ ಮಾತಾಡಬೇಕಾಯಿತು. ಆಮೇಲೆ ಮೂರು ವರ್ಷ ಆ ಮಗುವಿನ ಮನೆಗೆ ಒಂದು ಸುದ್ದಿಯೂ ತಪ್ಪಲಿಲ್ಲ.

ಈ ಬುಕ್ಕನ್ನು ವರ್ಷಕ್ಕೆ ಮೂರು ಸಲ ತಿದ್ದಬೇಕು. ಶಾಲೆ ಶುರುವಾದಾಗ, ದಸರಾ ರಜೆಗೆ ಮುಂಚೆ, ಸಂಕ್ರಾಂತಿ ಆದ ಮೇಲೆ. ನಂಬರು ಬದಲಾಗುತ್ತಲೇ ಇರುತ್ತವೆ. ಫೋನ್ ಹಿಡಿಯುವ ಕೈಯೂ ಬದಲಾಗುತ್ತದೆ.

ಇನ್ನು ಡೇರಿ ವಿಷಯ. ನಿಮ್ಮ ಊರಿನಲ್ಲಿ ಹಾಲಿನ ಡೇರಿ ಇದ್ದರೆ ಅದಕ್ಕಿಂತ ಒಳ್ಳೆಯ ನೋಟಿಸ್ ಬೋರ್ಡು ಸಿಗುವುದಿಲ್ಲ. ಎರಡು ಹೊತ್ತೂ ಜನ ಕ್ಯಾನು ಹಿಡಿದು ಸಾಲು ನಿಲ್ಲುತ್ತಾರೆ. ಫ್ಯಾಟ್ ನೋಡುವ ತನಕ ಸುಮ್ನೆ ನಿಂತಿರುತ್ತಾರೆ. ಸೆಕ್ರೆಟರಿಯನ್ನು ಕೇಳಿ ಗೋಡೆಗೆ ಒಂದು ಹಾಳೆ ಅಂಟಿಸಿ, ಎರಡು ಸಾಲು ಅವರ ಬಾಯಲ್ಲೂ ಹೇಳಿಸಿ. ನ್ಯಾಯಬೆಲೆ ಅಂಗಡಿ, ಹೆಣ್ಣುಮಕ್ಕಳ ಸಂಘದ ವಾರದ ಸಭೆ, ಪಂಚಾಯಿತಿಯ ಕಸದ ಗಾಡಿಯ ಮೈಕು, ಇವೆಲ್ಲವೂ ಇವೆ. ಎಲ್ಲಕ್ಕಿಂತ ಹೆಚ್ಚಾಗಿ ನಿಮ್ಮ ಬಿಸಿಯೂಟದ ಅಡುಗೆಯವರು. ಅವರು ಊರಿನವರೇ. ಯಾವ ಮನೆಗೆ ಬೀಗ ಬಿದ್ದಿದೆ, ಯಾವ ಮಗು ಯಾರ ಮನೆಯಲ್ಲಿ ಮಲಗುತ್ತಿದೆ ಅಂತ ನಮಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ. ಅವರನ್ನು ಎದುರಿಗೆ ಕೂರಿಸಿಕೊಂಡು, ಈ ವಾರದ ಸುದ್ದಿ ಇದು ಅಂತ ಗೌರವದಿಂದ ಹೇಳಿ.

ಗ್ರೂಪ್ ಇರಲಿ, ತೆಗೆಯಬೇಡಿ. ಆದರೆ ಅದರಲ್ಲಿ ಶಾಲೆಯವರು ಮಾತ್ರ ಮೆಸೇಜ್ ಹಾಕುವ ಹಾಗೆ ಸೆಟ್ ಮಾಡಿ. ಗುಡ್ ಮಾರ್ನಿಂಗ್ ಚಿತ್ರ, ಹಬ್ಬದ ಶುಭಾಶಯಗಳ ನಡುವೆ ನಿಮ್ಮ ರಜೆ ಸುದ್ದಿ ಮುಳುಗಿಹೋಗುತ್ತದೆ. ಪೋಷಕರು ಏನಾದರೂ ಕೇಳಬೇಕಿದ್ದರೆ ನಿಮಗೇ ಫೋನ್ ಮಾಡಲಿ. ಬರೆಯುವುದಕ್ಕಿಂತ ಮಾತಾಡಿ ಕಳಿಸುವುದು ಒಳ್ಳೆಯದು. ಅರ್ಧ ನಿಮಿಷ ಸಾಕು. ಅದೇ ಮಾತನ್ನು ತೆಲುಗಿನಲ್ಲಿ ಯಾರಾದರೂ ತಾಯಿಯ ಹತ್ತಿರ ಹೇಳಿಸಿ ಕಳಿಸಿ. ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ) ಅಂಥವರು ಇದ್ದೇ ಇರುತ್ತಾರೆ. ಕಾನೂನಿನ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಸಹಿ ಹಾಕಿಸಲು ಮಾತ್ರ ಅವರನ್ನು ಕರೆಯುವುದು ಅನ್ಯಾಯ. ಅವರಲ್ಲಿ ಒಬ್ಬೊಬ್ಬರಿಗೂ ಐದೈದು ಮನೆ ಹಂಚಿ. ದಿಢೀರ್ ರಜೆ ಬಂದ ದಿನ ನೀವು ಆರೇಳು ಜನಕ್ಕೆ ಫೋನ್ ಮಾಡಿದರೆ ಆಯಿತು, ಉಳಿದದ್ದು ಅವರು ಕೂಗಿ ಹೇಳುತ್ತಾರೆ. ಹೇಳಿಯಾಯಿತು ಅಂತ ನಿಮಗೆ ಮರಳಿ ತಿಳಿಸಬೇಕು, ಅದನ್ನು ಮಾತ್ರ ಬಿಡಬೇಡಿ.

ಒಂದು ಎಚ್ಚರಿಕೆ. ಯಾವ ಮಗುವಿಗೆ ಎಷ್ಟು ಅಂಕ, ಯಾರು ಗೈರುಹಾಜರು ಅಂತ ಪಟ್ಟಿ ಮಾಡಿ ಗ್ರೂಪಿಗೆ ಹಾಕಲೇಬೇಡಿ. ಮಕ್ಕಳ ಫೋಟೋ ಹಾಕುವ ಮೊದಲು ಮನೆಯವರನ್ನು ಕೇಳಿ. ಮನೆಯೊಳಗಿನ ಜಗಳಕ್ಕೆ ಊರು ಬಿಟ್ಟು ಬಂದು ತವರಿನಲ್ಲಿರುವ ತಾಯಂದಿರು ಇರುತ್ತಾರೆ. ಮಗು ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಾಗುವುದು ಅವರಿಗೆ ಬೇಕಿರುವುದಿಲ್ಲ.

ಈಗ ನಾವು ಬರೆಯುವ ಭಾಷೆ. ನಿಮ್ಮ ಹಳೆಯ ನೋಟಿಸ್ ಒಂದು ತೆಗೆದು ನೋಡಿ. ಹೀಗಿರುತ್ತದೆ ಅಲ್ವಾ: ‘ಈ ಮೂಲಕ ಸಮಸ್ತ ಪೋಷಕರಿಗೆ ತಿಳಿಯಪಡಿಸುವುದೇನೆಂದರೆ, ದಿನಾಂಕದಂದು ಪೂರ್ವಾಹ್ನ 10.30 ಗಂಟೆಗೆ ಪೋಷಕರ ಸಭೆಯನ್ನು ಆಯೋಜಿಸಲಾಗಿದ್ದು, ತಾವುಗಳು ತಪ್ಪದೇ ಹಾಜರಾಗತಕ್ಕದ್ದು.’ ಇದನ್ನು ಕೇಳಿದ ತಾಯಿಗೆ ಎರಡೇ ಅನುಮಾನ ಬರುತ್ತದೆ. ಮಗು ಏನೋ ತಪ್ಪು ಮಾಡಿದೆ, ಇಲ್ಲ ದುಡ್ಡು ಕೇಳುತ್ತಾರೆ. ಇದನ್ನೇ ಹೀಗೆ ಹೇಳಿ ನೋಡಿ: ‘ಅಮ್ಮಾ, ಸೋಮವಾರ ಸಂಜೆ ನಾಲ್ಕು ಗಂಟೆಗೆ ಶಾಲೆಗೆ ಬನ್ನಿ. ನಿಮ್ಮ ಮಗಳು ಓದುವುದನ್ನು ನಿಮ್ಮ ಎದುರಿಗೇ ಓದಿಸಿ ತೋರಿಸ್ತೀನಿ. ಅರ್ಧ ಗಂಟೆ ಸಾಕು. ದುಡ್ಡು ಏನೂ ತರಬೇಕಿಲ್ಲ.’ ಯಾವ ದಿನ, ಎಷ್ಟು ಹೊತ್ತಿಗೆ, ಏನು ತರಬೇಕು, ಎಷ್ಟು ಹೊತ್ತು ಹಿಡಿಯುತ್ತದೆ, ಬರದಿದ್ದರೆ ಏನು ಮಾಡಬೇಕು. ಈ ಐದು ಮಾತು ಇದ್ದರೆ ಆಯಿತು.

ಸೋಮವಾರ ಅಂತ ಬೇಕೆಂದೇ ಬರೆದೆ. ಬಹಳ ಊರುಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅಮಾವಾಸ್ಯೆ ದಿನವೂ ಹಾಗೇ, ಹೊಲದ ಕೆಲಸ ಕಡಿಮೆ. ನಿಮ್ಮ ಊರಿನ ಪದ್ಧತಿ ಏನು ಅಂತ ಕೇಳಿ ದಿನ ಇಡಿ. ಕಡಲೆಕಾಯಿ ಕೀಳುವ ಸಮಯದಲ್ಲಿ ಹಗಲು ಹನ್ನೊಂದಕ್ಕೆ ಸಭೆ ಕರೆದರೆ ಕೂಲಿ ಬಿಟ್ಟು ಬರಬೇಕು. ಒಂದು ದಿನದ ಕೂಲಿ ಕಳೆದುಕೊಂಡು ಬಂದ ತಾಯಿಗೆ ನಾವು ಕೊಡುವುದು ಏನು? ಎಲ್ಲರ ಎದುರು ‘ನಿಮ್ಮ ಮಗ ಓದಲ್ಲ’ ಅನ್ನುವ ಮಾತು. ಮತ್ತೆ ಯಾಕೆ ಬರುತ್ತಾಳೆ ಹೇಳಿ?

ಸಭೆಯಲ್ಲಿ ಭಾಷಣ ಬೇಡವೇ ಬೇಡ. ಒಬ್ಬೊಬ್ಬರ ಜೊತೆ ಐದು ನಿಮಿಷ ಕೂರಿ. ಮಗುವಿನ ನೋಟ್ ಬುಕ್ಕಿನಲ್ಲಿ ಜೂನ್ ತಿಂಗಳ ಒಂದು ಪುಟ, ಈಗಿನ ಒಂದು ಪುಟ ಅಕ್ಕಪಕ್ಕ ಇಟ್ಟು ತೋರಿಸಿ. ಓದಲು ಬಾರದ ತಾಯಿಗೂ ಅದು ಕಾಣುತ್ತದೆ. ಜೂನ್‌ನಲ್ಲಿ ‘ರ’ ಗೆರೆಯಿಂದ ಕೆಳಗೆ ಜಾರಿ ಬಿದ್ದಿತ್ತು, ಸೆಪ್ಟೆಂಬರಿನಲ್ಲಿ ಗೆರೆಯ ಮೇಲೆ ನೆಟ್ಟಗೆ ಕೂತಿದೆ. ಆ ಪುಟದ ಮೇಲೆ ಬೆರಳಾಡಿಸಿದ ಒಬ್ಬ ತಾಯಿಯ ಮುಖ ನನಗೆ ಇವತ್ತಿಗೂ ನೆನಪಿದೆ. ‘ಇದು ಅವನೇ ಬರೆದದ್ದಾ ಸಾರ್?’ ಅಂತ ಮೂರು ಸಲ ಕೇಳಿದಳು. ಆ ಮನೆಯವರು ಆಮೇಲೆ ಒಂದು ಸಭೆಯನ್ನೂ ತಪ್ಪಿಸಲಿಲ್ಲ.

ಇದು ನಾವು ಮಾಡುವ ಉಪಕಾರ ಅಂತ ಯಾರೂ ತಿಳಿಯಬಾರದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್‌ನಲ್ಲೇ ಇದೆ. ಪೋಷಕರ ಜೊತೆ ಆಗಾಗ ಸಭೆ ನಡೆಸಿ ಮಗುವಿನ ಹಾಜರಾತಿ, ಕಲಿಯುವ ಶಕ್ತಿ, ಕಲಿತದ್ದರ ಪ್ರಗತಿ ತಿಳಿಸುವುದು ಶಿಕ್ಷಕರ ಕರ್ತವ್ಯ. ಪರೀಕ್ಷೆಯ ಫಲಿತಾಂಶ ತೋರಿಸಲು ‘ಸಮುದಾಯದತ್ತ ಶಾಲೆ’ ಅಂತ ನಾವು ನಡೆಸುತ್ತೇವಲ್ಲ, ಅದೂ ಇದಕ್ಕೇ. ಅಂದು ಪ್ರಗತಿ ಪತ್ರಕ್ಕೆ ಸಹಿ ಹಾಕಿಸಿ ಕಳಿಸಿಬಿಟ್ಟರೆ ಮನೆಯವರಿಗೆ ಏನೂ ತಿಳಿಯುವುದಿಲ್ಲ. ಎಫ್‌ಎ, ಎಸ್‌ಎ ಅಂದರೆ ಅವರಿಗೆ ಏನು ಗೊತ್ತು? ‘ವರ್ಷಕ್ಕೆ ನಾಲ್ಕು ಚಿಕ್ಕ ಪರೀಕ್ಷೆ, ಎರಡು ದೊಡ್ಡ ಪರೀಕ್ಷೆ. ದಸರಾ ಹೊತ್ತಿಗೆ ಒಂದು ದೊಡ್ಡದು, ಬೇಸಿಗೆ ರಜೆಗೆ ಮುಂಚೆ ಇನ್ನೊಂದು’ ಅಂದರೆ ಸಾಕು.

ಒಂದರಿಂದ ಮೂರನೇ ತರಗತಿಯ ಮನೆಯವರಿಗೆ ಜೂನ್‌ನಲ್ಲೇ ನಲಿ-ಕಲಿ, ಅಂದರೆ ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ, ತೋರಿಸಿ. ಇಲ್ಲದಿದ್ದರೆ ‘ಕಾರ್ಡ್ ಹಿಡ್ಕೊಂಡು ಆಟ ಆಡಿಸ್ತಾರೆ, ಪಾಠನೇ ಮಾಡಲ್ಲ’ ಅನ್ನುವ ಮಾತು ಊರಲ್ಲಿ ಹರಡುತ್ತದೆ. ಅದರ ಹಿಂದೆಯೇ ಕಾನ್ವೆಂಟ್ ಬಸ್ಸು ಊರಿಗೆ ಬರುತ್ತದೆ. ಕಲಿಕೆಯ ಹಂತಗಳನ್ನು ಮೆಟ್ಟಿಲ ಹಾಗೆ ತೋರಿಸುವ ಕಲಿಕಾ ಏಣಿಯ ಮುಂದೆ ನಿಲ್ಲಿಸಿ, ‘ನಿಮ್ಮ ಮಗು ಇವತ್ತು ಈ ಮೆಟ್ಟಿಲಲ್ಲಿದೆ’ ಅಂತ ಬೆರಳಿಟ್ಟು ತೋರಿಸಿ. ಏಣಿ ಹತ್ತುವುದು ಯಾರಿಗೆ ಅರ್ಥ ಆಗುವುದಿಲ್ಲ?

ವರ್ಷದ ಲೆಕ್ಕ ಹೇಳುವಾಗ ನಾನು ಒಂದೇ ನಿಯಮ ಇಟ್ಟುಕೊಂಡಿದ್ದೆ. ಮನೆಯವರು ಏನಾದರೂ ಮಾಡಬೇಕಾದ ಸುದ್ದಿ ಮೊದಲು, ಮಿಕ್ಕದ್ದು ಆಮೇಲೆ. ಮೇ ಕೊನೆಯಲ್ಲಿ ಶಾಲೆ ಶುರುವಾಗುತ್ತದೆ, ಏಪ್ರಿಲ್ ಎರಡನೇ ವಾರಕ್ಕೆ ಮುಗಿಯುತ್ತದೆ. ಅಷ್ಟರಲ್ಲಿ ಒಂದರಿಂದ ಐದರ ಮಕ್ಕಳಿಗೆ ಕಾಯ್ದೆ ಪ್ರಕಾರ ಕನಿಷ್ಠ 200 ದಿನ ಪಾಠ ಆಗಬೇಕು. ಇದನ್ನು ಪೋಷಕರಿಗೆ ಹೇಳಿ. ಜಾತ್ರೆಗೆ ಒಂದು ವಾರ, ಮದುವೆಗೆ ನಾಲ್ಕು ದಿನ ಕರೆದುಕೊಂಡು ಹೋದರೆ ಎಷ್ಟು ಕಳೆಯಿತು ಅಂತ ಅವರೇ ಲೆಕ್ಕ ಹಾಕಲಿ.

ದಾಖಲೆ ಮಾತು ಜೂನ್‌ನಲ್ಲೇ ಆಗಬೇಕು. ನಮ್ಮ ಕಡೆ ವಿದ್ಯಾರ್ಥಿವೇತನ ನಿಲ್ಲುವುದು ಜಾಸ್ತಿ ಸಲ ಹೆಸರಿನ ಕಾರಣಕ್ಕೆ. ಆಧಾರ್ ಕಾರ್ಡಿನಲ್ಲಿ ‘ಲಕ್ಷ್ಮಿ’, ಶಾಲೆಯ ದಾಖಲೆಯಲ್ಲಿ ‘ಲಕ್ಷ್ಮೀದೇವಿ’, ಜಾತಿ ಪ್ರಮಾಣಪತ್ರದಲ್ಲಿ ‘ಲಕ್ಷ್ಮಮ್ಮ’. ಮಗು ಒಂದೇ. ಕಂಪ್ಯೂಟರಿಗೆ ಮೂರು ಮಕ್ಕಳು. ಇದನ್ನು ಕೊನೇ ವಾರ ಹೇಳಿದರೆ ಪಾಪ ಅವರೇನು ಮಾಡಲು ಸಾಧ್ಯ? ನಾಡಕಚೇರಿಗೆ ಒಂದು ದಿನ, ಆಧಾರ್ ಕೇಂದ್ರಕ್ಕೆ ಒಂದು ದಿನ, ಬ್ಯಾಂಕಿಗೆ ಒಂದು ದಿನ. ಮೂರು ದಿನದ ಕೂಲಿ ಹೋಯಿತು. ಜೂನ್ ಮೊದಲ ವಾರವೇ ಕೂತು 43 ಮಕ್ಕಳ ಹೆಸರು ತಾಳೆ ನೋಡಿ. ಯಾರದು ಸರಿ ಇಲ್ಲವೋ ಅವರಿಗೆ ಮಾತ್ರ, ಏನು ಸರಿ ಮಾಡಿಸಬೇಕು, ಎಲ್ಲಿಗೆ ಹೋಗಬೇಕು, ಯಾವ ಕಾಗದ ಒಯ್ಯಬೇಕು ಅಂತ ಒಂದು ಚೀಟಿಯಲ್ಲಿ ಬರೆದುಕೊಡಿ. ಮಗುವಿಗೆ 5 ವರ್ಷ ತುಂಬಿದ ಮೇಲೆ ಆಧಾರಿಗೆ ಬೆರಳಚ್ಚು ಕೊಟ್ಟು ಅಪ್‌ಡೇಟ್ ಮಾಡಿಸಬೇಕು ಅನ್ನುವುದೂ ಒಂದನೇ ತರಗತಿಯ ಮನೆಗಳಿಗೆ ಹೋಗಲಿ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯಾ ಅಂತಲೂ ಆಗಲೇ ನೋಡಿಬಿಡಿ.

ಊಟ, ಮಾತ್ರೆ ವಿಷಯ ಸಣ್ಣದಾಗಿ ಕಾಣುತ್ತದೆ, ಆದರೆ ನಂಬಿಕೆ ಕೆಡುವುದು ಇಲ್ಲೇ. ಮೊಟ್ಟೆ ಬೇಡ ಅನ್ನುವ ಮನೆಗಳಿಗೆ ಬಾಳೆಹಣ್ಣು ಇದೆ. ಮನೆಯವರನ್ನು ಒಮ್ಮೆ ಕೇಳಿ ಬರೆದಿಟ್ಟುಕೊಳ್ಳಿ. ಮಗುವನ್ನೇ ಕೇಳಿ ಕೊಟ್ಟರೆ ಒಂದು ದಿನ ತೊಂದರೆ ಬಂದೇ ಬರುತ್ತದೆ. ಜಂತುಹುಳದ ಮಾತ್ರೆ, ಕಬ್ಬಿಣಾಂಶದ ಮಾತ್ರೆ ಕೊಡುವ ಹಿಂದಿನ ದಿನ ಹೇಳಿ. ‘ನಾಳೆ ಊಟ ಆದ ಮೇಲೆ ಹುಳದ ಮಾತ್ರೆ ಕೊಡ್ತೀವಿ. ಕೆಲವು ಮಕ್ಕಳಿಗೆ ಸ್ವಲ್ಪ ಹೊಟ್ಟೆನೋವು, ವಾಕರಿಕೆ ಬರಬಹುದು. ಜಾಸ್ತಿ ಆದರೆ ನನಗೆ ಫೋನ್ ಮಾಡಿ. ಹುಷಾರಿಲ್ಲದ ಮಗು ಇದ್ದರೆ ಮೊದಲೇ ಹೇಳಿ.’ ಹೇಳದೆ ಕೊಟ್ಟು, ಒಂದು ಮಗು ರಾತ್ರಿ ವಾಂತಿ ಮಾಡಿಕೊಂಡರೆ ಬೆಳಿಗ್ಗೆ ಊರೆಲ್ಲ ಸುಳ್ಳು ಸುದ್ದಿ. ಅದಾದ ಮೇಲೆ ಮಕ್ಕಳು ಮಾತ್ರೆಯನ್ನು ಕೆನ್ನೆಯಲ್ಲಿ ಇಟ್ಟುಕೊಂಡು ಹೋಗಿ ಕಾಂಪೌಂಡಿನ ಆಚೆ ಉಗುಳುತ್ತಾರೆ.

ಈಗ ನನಗೆ ಇವತ್ತಿಗೂ ನೋಯುವ ಒಂದು ವಿಷಯ ಹೇಳುತ್ತೇನೆ. ಐದನೇ ತರಗತಿ ಬಹಳ ದೊಡ್ಡ ತಿರುವು. ಕೇಂದ್ರ ಸರ್ಕಾರದ ವಸತಿ ಶಾಲೆ ಜವಾಹರ್ ನವೋದಯದ ಆರನೇ ತರಗತಿಗೆ ಪರೀಕ್ಷೆ ಬರೆಯಬೇಕಾದರೆ ಮಗು ಐದರಲ್ಲಿ ಓದುತ್ತಿರಬೇಕು. ಒಂದೇ ಸಲ ಅವಕಾಶ. ಅದರಲ್ಲಿ ಕನಿಷ್ಠ 75% ಸೀಟು ಹಳ್ಳಿ ಮಕ್ಕಳಿಗೇ ಇದೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೂ, ಆದರ್ಶ ವಿದ್ಯಾಲಯಕ್ಕೂ ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಇದೆ. ನನ್ನ ಶಾಲೆಯಲ್ಲಿ ಒಬ್ಬ ಹುಡುಗ ಇದ್ದ. ಲೆಕ್ಕ ಅಂದರೆ ಪ್ರಾಣ. ನವೋದಯದ ಅರ್ಜಿಯ ಸುತ್ತೋಲೆ ಬಂತು, ನೋಟಿಸ್ ಬೋರ್ಡಿಗೆ ಹಾಕಿದೆ, ತರಗತಿಯಲ್ಲೂ ಓದಿ ಹೇಳಿದೆ. ಅವನಿಗೆ ಆ ವಾರ ಜ್ವರ, ಬಂದಿರಲಿಲ್ಲ. ಅರ್ಜಿ ದಿನ ಮುಗಿದು ತಿಂಗಳಾದ ಮೇಲೆ ಅವರಪ್ಪ ಸಂತೆಯಲ್ಲಿ ಯಾರಿಂದಲೋ ಕೇಳಿ ಬಂದರು. ಜಗಳ ಮಾಡಲಿಲ್ಲ. ಟವೆಲ್ ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು, ‘ಒಂದು ಮಾತು ಮನೆತಂಕ ಬಂದು ಹೇಳಿದ್ರೆ ಆಗ್ತಿತ್ತಲ್ಲ ಮೇಷ್ಟ್ರೇ’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಮನೆ ಶಾಲೆಯಿಂದ ನಾಲ್ಕು ನಿಮಿಷದ ದಾರಿ.

ಅಂದಿನಿಂದ ಐದನೇ ತರಗತಿಯ ಪ್ರತಿ ಮನೆಗೂ ಜುಲೈ ತಿಂಗಳಲ್ಲಿ ನಾನೇ ಹೋಗುತ್ತಿದ್ದೆ. ನಿಮ್ಮಲ್ಲಿ ಐದನೇ ತರಗತಿಗೆ ಎಂಟೋ ಹತ್ತೋ ಮಕ್ಕಳು ಇರಬಹುದು. ಎರಡು ಸಂಜೆಯ ಕೆಲಸ. ಯಾವ ಪರೀಕ್ಷೆ, ಅರ್ಜಿ ಯಾವಾಗ ಬರುತ್ತದೆ, ಜಾತಿ-ಆದಾಯ ಪ್ರಮಾಣಪತ್ರ ಈಗಲೇ ಯಾಕೆ ಬೇಕು, ಹಾಸ್ಟೆಲ್ ಹೇಗಿರುತ್ತದೆ ಎಲ್ಲ ಹೇಳಿ. ಹೆಣ್ಣುಮಗುವಿನ ಮನೆಯಲ್ಲಿ ‘ದೂರ ಕಳಿಸಲ್ಲ’ ಅಂತಾರೆ. ಆಗ ಒಂದು ವರ್ಷ ಮುಂಚೆ ಅದೇ ಶಾಲೆಗೆ ಹೋದ ಹುಡುಗಿಯ ತಾಯಿಯನ್ನು ಜೊತೆಗೆ ಕರೆದುಕೊಂಡು ಹೋಗಿ. ನಮ್ಮ ನೂರು ಮಾತಿಗಿಂತ ಅವರ ಒಂದು ಮಾತು ನಡೆಯುತ್ತದೆ.

ಮನೆಯಿಂದ ಶಾಲೆಗೂ ಸುದ್ದಿ ಬರಬೇಕು. ದಸರಾ ರಜೆಗೆ ಮುಂಚೆ ಎಲ್ಲ ಮನೆಗೂ ಒಂದು ಪ್ರಶ್ನೆ ಕೇಳಿ: ‘ಹಬ್ಬ ಆದ ಮೇಲೆ ಕೆಲಸಕ್ಕೆ ಅಂತ ಎಲ್ಲಿಗಾದರೂ ಹೋಗ್ತೀರಾ? ಮಗುವನ್ನು ಕರ್ಕೊಂಡು ಹೋಗ್ತೀರಾ, ಇಲ್ಲೇ ಬಿಡ್ತೀರಾ?’ ಇಲ್ಲೇ ಬಿಡುವುದಾದರೆ ಯಾರ ಹತ್ತಿರ ಅಂತ ನಿಮ್ಮ ಬುಕ್ಕಿನಲ್ಲಿ ಸಾಲು ಬದಲಾಯಿಸಿ. ಕರೆದುಕೊಂಡು ಹೋಗುವುದಾದರೆ ವರ್ಗಾವಣೆ ಪತ್ರವನ್ನು ತಡಮಾಡದೆ ಕೊಡಿ. ಇನ್ನೊಂದು ಮಾತು ಅವರಿಗೆ ಬಾಯಿಪಾಠ ಆಗುವ ಹಾಗೆ ಹೇಳಿ: ವರ್ಗಾವಣೆ ಪತ್ರ ತಡವಾಯಿತು ಅಂತ ಸರ್ಕಾರಿ ಶಾಲೆಯವರು ಮಗುವನ್ನು ಸೇರಿಸಿಕೊಳ್ಳದೆ ಇರುವ ಹಾಗಿಲ್ಲ, ಕಾಯ್ದೆಯಲ್ಲೇ ಇದೆ. ಬೆಂಗಳೂರಿನಲ್ಲಿ ಕಟ್ಟಡದ ಪಕ್ಕ ಶೆಡ್ಡಿನಲ್ಲಿ ಇರುವ ಮಗು ಈ ಒಂದು ಮಾತು ಗೊತ್ತಿಲ್ಲದೆ ಆರು ತಿಂಗಳು ಮರಳಿನ ರಾಶಿ ಮೇಲೆ ಆಡುತ್ತಾ ಇದ್ದುಬಿಡುತ್ತದೆ. ಹೋಗುವಾಗ ನಿಮ್ಮ ನಂಬರನ್ನು ನೋಟ್ ಬುಕ್ಕಿನ ರಟ್ಟಿನ ಒಳಗೆ ದೊಡ್ಡದಾಗಿ ಬರೆದುಕೊಡಿ. ಅಲ್ಲಿ ಯಾರಾದರೂ ಶಾಲೆಯವರು ಕೇಳಿದರೆ ನೀವು ಮಾತಾಡಬಹುದು.

ಇಷ್ಟೆಲ್ಲ ಮಾಡಲು ಸಮಯ ಎಲ್ಲಿದೆ ಅಂತ ನೀವು ಕೇಳಬಹುದು. ಇಬ್ಬರೇ ಶಿಕ್ಷಕರು, ಹಾಲು, ಊಟ, ಆನ್‌ಲೈನ್ ಎಂಟ್ರಿ, ತರಬೇತಿ ಎಲ್ಲ ನಿಮ್ಮ ತಲೆಯ ಮೇಲೇ ಇದೆ. ನನಗೆ ಗೊತ್ತು. ಅದಕ್ಕೇ ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಈ ವಾರ ಆ ಆರು ಮನೆ. ಮುಂದಿನ ವಾರ ಐದನೇ ತರಗತಿಯ ಮನೆಗಳು. ಉಳಿದವರದು ದಸರಾ ರಜೆಯೊಳಗೆ ಆಗಲಿ.

ಹೋದ ಕಡೆಯೆಲ್ಲ ಮೊದಲ ಮಾತು ಮಗುವಿನ ಬಗ್ಗೆ ಒಳ್ಳೆಯದೇ ಇರಲಿ. ‘ನಿಮ್ಮ ಹುಡುಗ ಊಟಕ್ಕೆ ಕೂತಾಗ ಚಿಕ್ಕವರಿಗೆ ಮೊದಲು ನೀರು ಕೊಡ್ತಾನೆ’ ಅಂದರೂ ಸಾಕು, ಆದರೆ ನೀವು ಕಣ್ಣಾರೆ ಕಂಡದ್ದೇ ಆಗಿರಬೇಕು. ಬಾಗಿಲಲ್ಲಿ ಮೇಡಂ ಕಂಡ ಕೂಡಲೇ ಆ ಮನೆಯವರ ಎದೆ ಧಸಕ್ ಅನ್ನುತ್ತದೆ. ಅದು ಇಳಿದ ಮೇಲೆ ಚಾಪೆ ಹಾಸುತ್ತಾರೆ, ಕೂರಿ ಅಂತಾರೆ. ನೋಟ್ ಬುಕ್ ಆಮೇಲೆ ತೆಗೆಯಿರಿ.